ಹಿತ್ತಲು, ಎಸರು, ಬಾಳಕ: ಶಿವನಸಮುದ್ರ ಸೀಮೆಯ ತರಕಾರಿ ಬಳಕೆಯ ಚರಿತ್ರೆ

ಕಾವೇರಿಯು ಎರಡು ಕವಲಾಗಿ ಒಡೆದು, ಪಶ್ಚಿಮದಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದಲ್ಲಿ ಭರಚುಕ್ಕಿಯಾಗಿಯೂ ಧುಮುಕುವ ಶಿವನಸಮುದ್ರವನ್ನು ಚರಿತ್ರಕಾರರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ನೆನೆಯುತ್ತಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಉಮ್ಮತ್ತೂರಿನ ಪಾಳೆಯಗಾರ ಗಂಗರಾಜನನ್ನು ಸೋಲಿಸಲು ವಿಜಯನಗರದ ಕೃಷ್ಣದೇವರಾಯನು ಈ ದ್ವೀಪದುರ್ಗಕ್ಕೆ ಮುತ್ತಿಗೆ ಹಾಕಿದ್ದು ಒಂದು, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಜಲವಿದ್ಯುತ್ ಯೋಜನೆಯು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿದ್ದು ಇನ್ನೊಂದು. ಇವೆರಡರ ನಡುವೆಯೂ ಆಚೆಗೂ, ದ್ವೀಪದ ಸುತ್ತಲಿನ ಮಳವಳ್ಳಿ, ಮದ್ದೂರು, ಮಂಡ್ಯ ಸೀಮೆಯ ಮನೆಗಳಲ್ಲಿ ಮತ್ತೊಂದು ಚರಿತ್ರೆ ನಡೆದುಬಂದಿದೆ. ಹಿತ್ತಲಿನಲ್ಲಿ ಒಂದೇ ಸಲ ಮುಗಿಬಿದ್ದು ಬಂದ ಕಾಯಿ, ಸೊಪ್ಪು, ಕಾಳುಗಳನ್ನು ಕೆಡದಂತೆ ಉಂಡು, ಒಣಗಿಸಿ, ಹಂಚಿ, ಬೀಜಕ್ಕೆ ಉಳಿಸಿಕೊಂಡು ಮುಂದಿನ ಮಳೆಯವರೆಗೆ ಸಂಸಾರವನ್ನು ನಡೆಸಿದ ಹೆಂಗಸರ ಚರಿತ್ರೆ ಅದು. ಈ ಸೀಮೆಯ ಸಾಧಾರಣ ಅಡುಗೆಯೆಂದು ಕರೆಯಲಾಗುವ ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಬಾಳಕ, ಸಂಡಿಗೆಗಳೆಲ್ಲವೂ ಈ ಅಗತ್ಯದಿಂದಲೇ ರೂಪುಗೊಂಡವು ಎಂಬುದನ್ನೂ, ಅವುಗಳ ಏರಿಳಿತವು ಈ ನೆಲಕ್ಕೆ ನೀರು ಬಂದ ಬಗೆಯನ್ನೇ ಹಿಂಬಾಲಿಸಿತು ಎಂಬುದನ್ನೂ ಗಮನಿಸದೆ ಇಲ್ಲಿಯ ಕೃಷಿಯ ಚರಿತ್ರೆ ಪೂರ್ಣವಾಗುವುದಿಲ್ಲ.

ನದಿ ಪಕ್ಕದಲ್ಲಿಯೇ ಹರಿಯುತ್ತಿದ್ದರೂ ಮಳವಳ್ಳಿಯ ಎತ್ತರದ ಹೊಲಗಳಿಗೆ ಅದರ ನೀರು ಶತಮಾನಗಳ ಕಾಲ ಎಟುಕಲಿಲ್ಲ. ಶ್ರೀರಂಗಪಟ್ಟಣ, ತಲಕಾಡುಗಳ ಬಳಿ ನದಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಕಟ್ಟೆಗಳಿಂದ, ಅಂದರೆ ನೀರನ್ನು ಹೆಚ್ಚು ಕಾಲ ಹಿಡಿದಿಡದೆ ಕಾಲುವೆಗೆ ತಿರುಗಿಸುವ ಒಡ್ಡುಗಳಿಂದ, ತಗ್ಗಿನ ಗದ್ದೆಗಳು ಮಾತ್ರ ನೆನೆಯುತ್ತಿದ್ದವು. ಉಳಿದ ಕಡೆ ಕೆರೆಯ ಕೆಳಗಿನ ಸ್ವಲ್ಪ ಭತ್ತ, ಅದರ ಆಚೆಗೆಲ್ಲ ಮಳೆಯನ್ನೇ ನಂಬಿದ ರಾಗಿಯ ಹೊಲ. ವರ್ಷಕ್ಕೆ ಸುಮಾರು 700 ಮಿಲಿಮೀಟರಿನಷ್ಟು ಬೀಳುವ ಮಳೆಯು ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ ಬಲವಾಗಿ ಸುರಿದು ನಡುವೆ ಹಿಂಜರಿಯುವ ಈ ನೆಲದಲ್ಲಿ ತರಕಾರಿಯೆಂಬುದು ವರ್ಷವಿಡೀ ಸಮನಾಗಿ ಸಿಗುವ ಪದಾರ್ಥವಾಗಿರಲು ಸಾಧ್ಯವಿರಲಿಲ್ಲ. ಮೂರು ತಿಂಗಳು ಹೊರಲಾರದಷ್ಟು ಬರುತ್ತಿತ್ತು, ನಾಲ್ಕೈದು ತಿಂಗಳು ಹುಡುಕಿದರೂ ಸಿಗುತ್ತಿರಲಿಲ್ಲ.

ತರಕಾರಿ ಬರುತ್ತಿದ್ದ ಮೂಲಗಳು ಮುಖ್ಯವಾಗಿ ಎರಡು. ಮೊದಲನೆಯದು ಹೊಲದೊಳಗಿನ ಅಕ್ಕಡಿ ಸಾಲು. ರಾಗಿಯ ಕೆಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಸಾಸಿವೆಗಳನ್ನು ಬಿತ್ತುವ ಪದ್ಧತಿಗೆ ಈ ಹೆಸರಿದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕೂರಿಗೆಯಿಂದ ರಾಗಿ ಬಿತ್ತುವುದನ್ನೂ ಅದರ ನಡುವೆ ಅವರೆ, ತೊಗರಿಗಳ ಸಾಲು ಹಾಕುವುದನ್ನೂ ವಿವರವಾಗಿ ದಾಖಲಿಸಿದ್ದಾನೆ. ಲಂಡನ್ನಿನಲ್ಲಿ 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ನಾಡಿನ ತೋಟಗಳನ್ನು ವಿಂಗಡಿಸುವಾಗ ತರಕಾರಿ ತೋಟ, ತೆಂಗಿನ ತೋಟ, ಎಲೆತೋಟ, ಹೂವಿನ ತೋಟ ಎಂದು ಜನರು ಬಳಸುತ್ತಿದ್ದ ಹೆಸರುಗಳನ್ನೇ ಬರೆದುಕೊಂಡಿದ್ದಾನೆ. ಅವನ ಆಸಕ್ತಿಯು ಕಂದಾಯ ಬರುವ ಬೆಳೆಗಳ ಮೇಲಿತ್ತಾದ್ದರಿಂದ, ಕಂದಾಯವಿಲ್ಲದೆ ಮನೆಯ ಹಿಂದೆ ಬೆಳೆಯುತ್ತಿದ್ದ ಪೈರಿನ ಮೇಲೆ ಅಷ್ಟು ಗಮನ ಹರಿಯಲಿಲ್ಲ. ಅವನ ನಂತರದ ಸರ್ಕಾರಿ ವರದಿಗಳೂ ಬಹುಪಾಲು ಇದೇ ಹಾದಿ ಹಿಡಿದವು. ಹಿತ್ತಲು ಲೆಕ್ಕದ ಪುಸ್ತಕಕ್ಕೆ ಸೇರದೆ ಉಳಿದುದಕ್ಕೆ ಇದು ದೊಡ್ಡ ಕಾರಣ.

ಹಿತ್ತಲೇ ಎರಡನೆಯ ಮೂಲ. ಮನೆಯ ಹಿಂಬದಿಯ ಕಿರಿದಾದ ಜಾಗದಲ್ಲಿ, ಬಚ್ಚಲಿನಿಂದ ಹರಿದುಬರುವ ನೀರಿನ ಜಾಡಿನಲ್ಲಿ, ತಿಪ್ಪೆಯ ಗೊಬ್ಬರದ ಬಲದಿಂದ ಬೆಳೆಯುತ್ತಿದ್ದ ಈ ತೋಟದಲ್ಲಿ ಬಾಳೆ, ನುಗ್ಗೆ, ಕರಿಬೇವುಗಳು ಖಾಯಂ ನಿವಾಸಿಗಳು. ಕೃತ್ತಿಕೆ, ರೋಹಿಣಿ ಮಳೆಗಳು ಬಿದ್ದೊಡನೆ ಬೇಲಿಯ ಬುಡದಲ್ಲಿಯೂ ಚಪ್ಪರದ ಕಂಬದ ಬಳಿಯೂ ಸೋರೆ, ಹೀರೆ, ಪಡವಲ, ಹಾಗಲ, ಕುಂಬಳದ ಬೀಜಗಳನ್ನು ಊರುತ್ತಿದ್ದರು. ಬದನೆ, ಮೆಣಸಿನ ಸಸಿಗಳನ್ನು ಒಂದಷ್ಟು ಜಾಗದಲ್ಲಿ ನೆಡುತ್ತಿದ್ದರು. ದಂಟು, ಕೀರೆಗಳು ಹೋದ ವರ್ಷ ಉದುರಿದ ಬೀಜದಿಂದ ತಾವಾಗಿಯೇ ಹುಟ್ಟುತ್ತಿದ್ದವು. ಇದಕ್ಕೆ ಬೇಕಾದ ನೀರು ಸ್ನಾನದ, ಪಾತ್ರೆ ತೊಳೆದ ನೀರು. ಬೇಕಾದ ದುಡಿಮೆ ಮನೆಯ ಹೆಂಗಸರದು. ಬಂದ ಫಲದ ಮೇಲಿನ ಅಧಿಕಾರವೂ ಬಹುಮಟ್ಟಿಗೆ ಅವರದೇ. ಹೊಲದ ರಾಗಿ ಗಂಡಸಿನ ಲೆಕ್ಕಕ್ಕೆ ಸೇರಿದರೆ, ಚಪ್ಪರದ ಸೋರೆಕಾಯಿಯನ್ನು ಯಾರ ಮನೆಗೆ ಕಳಿಸಬೇಕು, ಯಾವುದನ್ನು ಬೀಜಕ್ಕೆ ಬಿಡಬೇಕು, ಎಷ್ಟನ್ನು ಸಂತೆಗೆ ಒಯ್ಯಬೇಕು ಎಂಬ ನಿರ್ಧಾರ ಮನೆಯೊಡತಿಯದಾಗಿತ್ತು.

ಇವೆರಡರ ಜೊತೆಗೆ, ಯಾರೂ ಬಿತ್ತದೆ ಬರುವ ಬೆರಕೆ ಸೊಪ್ಪನ್ನೂ ಹೇಳಬೇಕು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ರಾಗಿಯ ಸಾಲುಗಳ ನಡುವೆ ಕಳೆಯಾಗಿ ಹುಟ್ಟುವ ಅಣ್ಣೆ, ಗೋಣಿ, ಕೀರೆ, ಗಣಿಕೆ, ಹೊನಗೊನೆ ಮುಂತಾದ ಹಲವು ಸೊಪ್ಪುಗಳನ್ನು ಕಳೆ ಕೀಳಲು ಹೋದ ಹೆಂಗಸರು ಮಡಿಲಿಗೆ ಹಾಕಿಕೊಂಡು ಬಂದು ಒಟ್ಟಿಗೆ ಬೇಯಿಸುತ್ತಿದ್ದರು. ಕಳೆ ತೆಗೆಯುವ ಕೆಲಸವೇ ಅಂದಿನ ಊಟವನ್ನೂ ಒದಗಿಸುತ್ತಿತ್ತು. ಯಾವ ಸೊಪ್ಪಿಗೆ ಯಾವುದು ಹೊಂದುತ್ತದೆ, ಯಾವುದು ಕಹಿ, ಯಾವುದು ಲೋಳೆ, ಯಾವುದನ್ನು ಎಳೆಯದಾಗಿಯೇ ಚಿವುಟಬೇಕು ಎಂಬ ಅರಿವು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹೊಲದಲ್ಲಿಯೇ ದಾಟುತ್ತಿತ್ತು.

ಹೆಚ್ಚುವರಿ ಬೀಳುತ್ತಿದ್ದ ಕಾಲವನ್ನು ಪಂಚಾಂಗದಂತೆ ಗುರುತಿಸಬಹುದು. ಶ್ರಾವಣದಿಂದ ಆಶ್ವಯುಜದವರೆಗೆ ಬಳ್ಳಿಯ ಕಾಯಿಗಳ ಸುಗ್ಗಿ. ಎರಡು ದಿನ ಕೀಳದಿದ್ದರೆ ಹೀರೆ ನಾರಾಗುತ್ತದೆ, ಸೋರೆ ಬಲಿಯುತ್ತದೆ. ಭಾದ್ರಪದದ ಪಿತೃಪಕ್ಷದಲ್ಲಿ ಹಿರಿಯರಿಗೆ ಬಗೆಬಗೆಯ ತರಕಾರಿ ಬೇಯಿಸಿ ಎಡೆಯಿಡುವ ಪದ್ಧತಿಯು ಹಿತ್ತಲು ತುಂಬಿದ ಇದೇ ದಿನಗಳಲ್ಲಿ ಬರುತ್ತದೆ; ಆಯುಧಪೂಜೆಯ ಬೂದುಗುಂಬಳವೂ ಬಲಿಯುವುದು ಇದರ ಬೆನ್ನಿಗೆ. ಮಾರ್ಗಶಿರ, ಪುಷ್ಯಗಳಲ್ಲಿ ಇಬ್ಬನಿ ಬೀಳತೊಡಗಿದಾಗ ಅಕ್ಕಡಿಯ ಅವರೆಗೆ ಸೊಗಡು ತುಂಬುತ್ತದೆ, ಅಂದರೆ ಕಾಯಿಯ ಸಿಪ್ಪೆಯ ಮೇಲೆ ಜಿಗುಟಾದ ಗಾಢವಾದ ಪರಿಮಳ ಕೂಡಿಕೊಳ್ಳುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಅವರೆಕಾಯಿ ಎಷ್ಟು ಬರುತ್ತಿತ್ತೆಂದರೆ ತಿಂಗಳಿಡೀ ಬೇರೆ ತರಕಾರಿಯ ಯೋಚನೆಯೇ ಬೇಕಿರಲಿಲ್ಲ. ಅಲ್ಲಿಂದ ಮುಂದೆ ಶಿವರಾತ್ರಿ ದಾಟಿದರೆ ಬಾವಿ, ಕೆರೆಗಳು ಇಳಿದು, ಮುಂಗಾರಿನವರೆಗೆ ಹಿತ್ತಲು ಬರಿದು.

ಧಾನ್ಯದ ವಿಷಯದಲ್ಲಿ ಈ ಸೀಮೆ ಬಹಳ ಹಿಂದೆಯೇ ಸಮಾಧಾನ ಕಂಡುಕೊಂಡಿತ್ತು. ರಾಗಿಯನ್ನು ಹಗೇವಿನಲ್ಲಿ, ಎಂದರೆ ಗಟ್ಟಿ ನೆಲದಲ್ಲಿ ತೋಡಿ ಕಿರಿದಾದ ಬಾಯಿಯನ್ನು ಮುಚ್ಚಿಬಿಡುವ ನೆಲದಡಿಯ ಕಣಜದಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬೆಂಕಿಯೂ ಹುಳುವೂ ತಲುಪದ, ದಾಟಿಹೋಗುವ ದಂಡುಗಳ ಕಣ್ಣಿಗೂ ಬೀಳದ ಈ ಹಗೇವುಗಳು 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯವೂ ಬ್ರಿಟಿಷ್ ಜನರಲ್ ಹ್ಯಾರಿಸನ ಸೈನ್ಯವೂ ಕಾದಾಡಿದ ಮಳವಳ್ಳಿಯಂತಹ ನೆಲದಲ್ಲಿ ಎಷ್ಟು ಬೆಲೆಯುಳ್ಳವಾಗಿದ್ದವೆಂದು ಊಹಿಸುವುದು ಕಷ್ಟವಲ್ಲ. ಆದರೆ ರಾಗಿ ಮುದ್ದೆಯನ್ನು ಬರಿದಾಗಿ ಉಣ್ಣಲಾಗದು. ಅಗಿಯದೆ ನುಂಗುವ ಮುದ್ದೆ ಗಂಟಲಿನಲ್ಲಿ ಇಳಿಯಬೇಕಾದರೆ ತೆಳ್ಳಗಿನ, ಉಪ್ಪು–ಖಾರ–ಹುಳಿ ತುಂಬಿದ ಎಸರು ಬೇಕು. ಮಂಡ್ಯದ ಹಳ್ಳಿಗರು ಮುದ್ದೆಗೆ ಹಿಟ್ಟೆಂದೂ ಸಾರಿಗೆ ಎಸರೆಂದೂ ಹೇಳಿ ಎರಡನ್ನೂ ಒಂದೇ ಉಸಿರಿನಲ್ಲಿ ಕೂಡಿಸುತ್ತಾರೆ. ಹೀಗಾಗಿ ವರ್ಷಪೂರ್ತಿ ಇರುವ ರಾಗಿಗೆ ವರ್ಷಪೂರ್ತಿ ಇರದ ತರಕಾರಿಯನ್ನು ಜೊತೆಮಾಡುವುದೇ ಇಲ್ಲಿಯ ಅಡುಗೆಯ ಮೂಲ ಸಮಸ್ಯೆಯಾಯಿತು. ಸೊಪ್ಪು, ಕಾಯಿಗಳ ಸಾರವನ್ನು ನೀರಿಗೆ ಇಳಿಸುವ ಪಾಕಕ್ರಮಗಳು ಇಲ್ಲಿ ಬೇರೆಡೆಗಿಂತ ಹೆಚ್ಚು ಬೆಳೆದುದು ಇದರಿಂದಲೇ.

ಬಸ್ಸಾರು ಇದರ ಅತ್ಯುತ್ತಮ ಉದಾಹರಣೆ. ದಂಟಿನ ಸೊಪ್ಪನ್ನೋ ಬೆರಕೆ ಸೊಪ್ಪನ್ನೋ, ಎಳೆಯ ಹುರುಳಿಕಾಯಿಯನ್ನೋ, ಜೊತೆಗೆ ಅವರೆ, ಹೆಸರು, ಅಲಸಂದೆ ಇವುಗಳಲ್ಲಿ ಮನೆಯಲ್ಲಿರುವ ಯಾವುದಾದರೊಂದು ಕಾಳನ್ನೋ ಸಾಕಷ್ಟು ನೀರಿನಲ್ಲಿ ಉಪ್ಪು ಹಾಕಿ ಬೇಯಿಸಿ, ಬೆಂದ ನೀರನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳುತ್ತಾರೆ. ಹೀಗೆ ಬಸಿದ ಕಟ್ಟಿಗೆ, ಒಲೆಯ ಕೆಂಡದಲ್ಲಿಯೋ ಬಾಣಲೆಯಲ್ಲಿಯೋ ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ತೆಂಗಿನಕಾಯಿ, ಹುಣಸೆಹಣ್ಣುಗಳನ್ನು ಬೆಂದ ಸೊಪ್ಪುಕಾಳಿನ ಒಂದು ಹಿಡಿಯೊಡನೆ ಅರೆದು ಬೆರೆಸಿ ಕುದಿಸಿದರೆ ಅದು ಎಸರು. ಉಳಿದ ಸೊಪ್ಪುಕಾಳಿಗೆ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಅದು ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಒಂದೇ ಬೇಯಿಸುವಿಕೆಯಲ್ಲಿ ಎರಡು ವ್ಯಂಜನಗಳು ಸಿದ್ಧವಾಗುತ್ತವೆ, ಬೆಂದ ನೀರಿನ ಒಂದು ತೊಟ್ಟೂ ಹೊರಗೆ ಚೆಲ್ಲುವುದಿಲ್ಲ. ಸೌದೆಯನ್ನು ಹೊತ್ತು ತರಬೇಕಾಗಿದ್ದ, ಹೊಲದ ಕೆಲಸ ಮುಗಿಸಿ ಬಂದು ಒಲೆ ಹಚ್ಚಬೇಕಾಗಿದ್ದ ಹೆಣ್ಣುಮಗಳ ದಿನಚರಿಯ ಬಲವಂತವೂ ಜಾಣತನವೂ ಈ ಕ್ರಮದಲ್ಲಿ ಒಟ್ಟಿಗೇ ಕಾಣುತ್ತವೆ. ಬಸ್ಸಾರನ್ನು ಮರುದಿನ ಕುದಿಸಿ ಉಂಡರೆ ರುಚಿ ಹೆಚ್ಚು ಎಂಬ ಮಾತು ಇಂದಿಗೂ ಈ ಸೀಮೆಯಲ್ಲಿ ಕೇಳಿಬರುತ್ತದೆ; ಹೆಚ್ಚು ಸೊಪ್ಪು ಬಂದ ದಿನ ಎರಡು ದಿನಕ್ಕಾಗುವಷ್ಟು ಎಸರು ಮಾಡಿಟ್ಟುಕೊಳ್ಳಲು ಆ ನಂಬಿಕೆ ಅನುವಾಯಿತು.

ಉಪ್ಸಾರು ಇದಕ್ಕಿಂತಲೂ ಸರಳ. ಸೊಪ್ಪು, ಕಾಳುಗಳನ್ನು ಬೇಯಿಸಿ ಬಸಿದ ಕಟ್ಟಿಗೆ ಉಪ್ಪನ್ನಲ್ಲದೆ ಬೇರೇನನ್ನೂ ಹಾಕದೆ ಬಡಿಸಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು, ಹುಣಸೆ, ಉಪ್ಪುಗಳನ್ನು ಗಟ್ಟಿಯಾಗಿ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಇಡುತ್ತಾರೆ. ಉಣ್ಣುವವರು ತಮಗೆ ಬೇಕಾದಷ್ಟನ್ನು ಎಸರಿಗೆ ಕಲಸಿಕೊಳ್ಳುತ್ತಾರೆ. ನೀರಿನ ಪಸೆ ಕಡಿಮೆಯಿದ್ದು ಉಪ್ಪು, ಹುಳಿ ಹೆಚ್ಚಿರುವ ಈ ಖಾರ ಹಲವು ದಿನ ಕೆಡುವುದಿಲ್ಲವಾದ್ದರಿಂದ, ಒಮ್ಮೆ ಅರೆದಿಟ್ಟರೆ ದಿನಕ್ಕೊಂದು ಸೊಪ್ಪು ಬೇಯಿಸಿದರೆ ಸಾಕು, ಊಟ ಸಿದ್ಧ. ಮಸ್ಸೊಪ್ಪಿನಲ್ಲಿ ತೊಗರಿಬೇಳೆಯೊಡನೆ ಬೆಂದ ಸೊಪ್ಪನ್ನು ಮಸೆದು, ಅಂದರೆ ಕಡಗೋಲಿನಿಂದಲೋ ಮರದ ಸೌಟಿನಿಂದಲೋ ನುಣ್ಣಗೆ ಮಾಡಿ, ಒಗ್ಗರಣೆ ಕೊಡುತ್ತಾರೆ. ಹಾಗಾಗಿ ಬಲಿತ ಸೊಪ್ಪು, ದಪ್ಪ ದಂಟುಗಳೂ ಇದರಲ್ಲಿ ಸಲ್ಲುತ್ತವೆ. ಅವರೆಯ ಸುಗ್ಗಿಯಲ್ಲಂತೂ ಕಾಳಿನ ಹುಳಿ, ಉಪ್ಪಿಟ್ಟು, ರೊಟ್ಟಿಗಳ ಜೊತೆಗೆ ಹಿತಕಿದ ಬೇಳೆಯ ಸಾರು ನಡೆಯುತ್ತಿತ್ತು. ಕಾಳನ್ನು ನೀರಿನಲ್ಲಿ ನೆನೆಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿ, ಸಿಪ್ಪೆಯಿಂದ ಬೇಳೆಯನ್ನು ಹೊರಕ್ಕೆ ಚಿಮ್ಮಿಸುವ ಈ ಕೆಲಸಕ್ಕೆ ಕೈಗಳು ಬಹಳ ಬೇಕಾದ್ದರಿಂದ ರಾತ್ರಿಯ ಹೊತ್ತು ಜಗಲಿಯ ಮೇಲೆ ಅಕ್ಕಪಕ್ಕದವರೂ ಮಕ್ಕಳೂ ಕೂಡಿ ಕುಳಿತು ಹಿತುಕುವುದು ವಾಡಿಕೆಯಾಯಿತು.

ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆ ಹಳೆಯದು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಪೋಷಣೆಯೂ ಅಡುಗೆಯೂ ಒಂದೇ ಗ್ರಂಥದೊಳಗೆ ಸ್ಥಾನ ಪಡೆದಿವೆ; ಬೆಳೆಯುವುದನ್ನೂ ಬೇಯಿಸುವುದನ್ನೂ ಒಂದೇ ಲೋಕಜ್ಞಾನದ ಭಾಗವೆಂದು ಎಣಿಸಿದ ಆ ದೃಷ್ಟಿ ಸರಿಯಾದದ್ದು. ಹದಿನಾರನೆಯ ಶತಮಾನದ ಆರಂಭದಲ್ಲಿ, ಅಂದರೆ ಶಿವನಸಮುದ್ರದ ದುರ್ಗವು ವಿಜಯನಗರಕ್ಕೆ ಸೋತ ಅದೇ ಕಾಲಾವಧಿಯಲ್ಲಿ, ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವು ಬದನೆ, ಬಾಳೆ, ಹಲಸು, ಬಿದಿರಿನ ಎಳೆಯ ಮೊಳಕೆಯಾದ ಕಳಲೆ ಮುಂತಾದವುಗಳ ಪಾಕಗಳನ್ನು ವಿಸ್ತಾರವಾಗಿ ಹೇಳುತ್ತದೆ. ಆ ಪಾಕಗಳಲ್ಲಿ ಖಾರಕ್ಕೆ ಕರಿಮೆಣಸೇ ಆಧಾರ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಸಿಹಿಗುಂಬಳಗಳು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳ ಮೂಲಕ ಈ ಕಡೆಗೆ ಬಂದದ್ದು ಅನಂತರದ ಮಾತು. ಪ್ರಭುಗಳ ಅಡುಗೆಮನೆಯ ತುಪ್ಪ, ಕರ್ಪೂರ, ಇಂಗುಗಳ ಈ ವೈಭವದಲ್ಲಿ ಬೆರಕೆ ಸೊಪ್ಪಿನ ಎಸರಿಗೆ ಜಾಗವಿರಲಿಲ್ಲ. ಆದರೂ ಒಂದು ಬದನೆಕಾಯಿಯನ್ನು ಸುಟ್ಟು, ಬೇಯಿಸಿ, ತುಂಬಿ, ಹುರಿದು ಹಲವು ಬಗೆಯಾಗಿಸುವ ಯುಕ್ತಿಯು ಅರಮನೆಗೂ ಹಟ್ಟಿಗೂ ಸಮಾನ. ಒಂದೇ ಕಾಯಿ ದಿನವೂ ಬರುವಾಗ ಬೇಸರ ಬಾರದಂತೆ ಉಣಬಡಿಸುವ ಕಷ್ಟವನ್ನು ಹಳ್ಳಿಯ ಹೆಂಗಸು ಪ್ರಭುವಿನ ಬಾಣಸಿಗನಿಗಿಂತ ಹೆಚ್ಚಾಗಿ ಬಲ್ಲವಳು. ಇಂದು ಹುಳಿ, ನಾಳೆ ಸುಟ್ಟ ಬದನೆಯ ಗೊಜ್ಜು, ನಾಡಿದ್ದು ಎಣ್ಣೆಗಾಯಿ ಎಂದು ಅವಳು ಮಾಡುತ್ತಿದ್ದ ಸರದಿಯನ್ನು ಯಾವ ಷಟ್ಪದಿಯೂ ಬರೆದಿಡಲಿಲ್ಲ.

ಅಂದಂದಿನ ಅಡುಗೆಯಲ್ಲಿ ಮುಗಿಯದೆ ಉಳಿದದ್ದು ಬಿಸಿಲಿಗೆ ಹೋಗುತ್ತಿತ್ತು. ಮಾಘ, ಫಾಲ್ಗುಣಗಳಿಂದ ಚೈತ್ರದವರೆಗಿನ ಒಣಬಿಸಿಲು, ಬಳ್ಳಿಕಾಯಿಯ ಸುಗ್ಗಿ ಮುಗಿದ ಮೇಲೆ ಬರುವುದರಿಂದ, ಕೆಲವು ಕಾಯಿಗಳನ್ನು ಆ ಬಿಸಿಲು ಬರುವವರೆಗೆ ಕಾಯ್ದಿಡುವುದೇ ಮೊದಲ ಹೆಜ್ಜೆ. ಬೂದುಗುಂಬಳ ಇದಕ್ಕೆ ಹೇಳಿಮಾಡಿಸಿದ ಕಾಯಿ. ಬಲಿತಾಗ ಅದರ ಮೈಮೇಲೆ ಮೂಡುವ ಬಿಳಿಯ ಬೂದಿಯು ಒಂದು ಬಗೆಯ ಮೇಣ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ಕೊಳೆತ ಒಳಹೊಗದಂತೆ ಅದು ತಡೆಯುತ್ತದೆ. ತೊಟ್ಟು ಮುರಿಯದಂತೆ ಕೊಯ್ದು, ಬಳ್ಳಿಯ ಹಗ್ಗದಲ್ಲಿ ಸುತ್ತಿ ಅಟ್ಟದ ತೊಲೆಗೆ ತೂಗುಬಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಸಿಹಿಗುಂಬಳವನ್ನೂ ಹೀಗೆಯೇ ಇಡುತ್ತಿದ್ದರು. ಬಿಸಿಲು ಏರಿದಾಗ ಬೂದುಗುಂಬಳವನ್ನು ತುರಿದು, ಭತ್ತವನ್ನು ಹುರಿದು ಅರಳಿಸಿದ ಅರಳಿಗೆ ಬೆರೆಸಿ, ಹಸಿಮೆಣಸಿನಕಾಯಿ, ಉಪ್ಪು, ಇಂಗುಗಳನ್ನು ಅರೆದು ಸೇರಿಸಿ ಉಂಡೆಗಳಾಗಿ ಒಣಗಿಸಿದ್ದೇ ಅರಳು ಸಂಡಿಗೆ. ಇದರಲ್ಲಿ ಹೊರಗಿನಿಂದ ನೀರು ಹಾಕುವುದಿಲ್ಲ. ಕುಂಬಳದ ತುರಿಯಿಂದ ಒಸರುವ ನೀರೇ ಅರಳನ್ನು ನೆನೆಸಿ ಅಂಟಿಸುತ್ತದೆ. ಉದ್ದಿನಬೇಳೆಯ ಹಿಟ್ಟಿಗೆ ಕುಂಬಳದ ಸಣ್ಣ ಹೋಳು ಬೆರೆಸಿ ಇಡುವ ಸಂಡಿಗೆ ಇನ್ನೊಂದು ಬಗೆ. ಹೆಚ್ಚಾಗಿ ಸಸ್ಯಾಹಾರಿ ಮನೆತನಗಳಲ್ಲಿ ನೆಲೆಯೂರಿದ್ದ ಈ ಕುಂಬಳದ ಸಂಡಿಗೆಗಳು ಕ್ರಮೇಣ ಎಲ್ಲ ಜಾತಿಯವರ ಮದುವೆ, ಹಬ್ಬಗಳ ಎಲೆಗೂ ಬಂದವು.

ಬಾಳಕದ ಕ್ರಮವು ಇನ್ನಷ್ಟು ಸೂಕ್ಷ್ಮವಾದದ್ದು. ಬಾಳಕವೆಂದರೆ ಉಪ್ಪು, ಹುಳಿಮಜ್ಜಿಗೆಗಳಲ್ಲಿ ನೆನೆಸಿ ಒಣಗಿಸಿಟ್ಟು ಬೇಕಾದಾಗ ಎಣ್ಣೆಯಲ್ಲಿ ಕರಿದು ತಿನ್ನುವ ತರಕಾರಿ. ಗಿಡದಲ್ಲಿ ಒಟ್ಟಿಗೆ ಬಲಿತ ಹಸಿಮೆಣಸಿನಕಾಯಿಗಳನ್ನು ತೊಟ್ಟು ಕೀಳದೆ ಉದ್ದಕ್ಕೆ ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ತೆಗೆದು ಚಾಪೆಯ ಮೇಲೆ ಒಣಗಿಸಿ, ಸಂಜೆ ಅದೇ ಮಜ್ಜಿಗೆಗೆ ಮರಳಿ ಹಾಕುತ್ತಾರೆ. ಮಜ್ಜಿಗೆಯೆಲ್ಲ ಇಂಗುವವರೆಗೆ ಹೀಗೆ ದಿನವೂ ನಡೆಯುತ್ತದೆ. ಹುಳಿ ಮತ್ತು ಉಪ್ಪು ಕೊಳೆಯುವುದನ್ನು ತಡೆದರೆ, ಬಿಸಿಲು ನೀರನ್ನು ಹೀರುತ್ತದೆ, ನೆನೆದು ಒಣಗುವ ಈ ಸರದಿಯಲ್ಲಿ ಮೆಣಸಿನ ಖಾರ ಹದಕ್ಕೆ ಇಳಿಯುತ್ತದೆ. ಗೋರಿಕಾಯಿ, ಹಾಗಲ, ಬೆಂಡೆ, ಬದನೆಗಳನ್ನೂ ಇದೇ ತತ್ತ್ವದ ಮೇಲೆ ಒಣಗಿಸುತ್ತಿದ್ದರು. ಬೇಸಗೆಯ ಮಧ್ಯದಲ್ಲಿ ಸಂತೆಗೆ ಹೋಗಲು ಕಾಸಿಲ್ಲದ ದಿನ, ಒಣಗಿಸಿಟ್ಟ ಬದನೆಹೋಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಣ ಅವರೆಕಾಳಿನೊಡನೆ ಹುಳಿ ಮಾಡುವುದು ಮನೆಯೊಡತಿಯ ಕೈಯಲ್ಲಿದ್ದ ಕೊನೆಯ ಉಪಾಯಗಳಲ್ಲಿ ಒಂದು. ಇದೇ ಜಿಲ್ಲೆಯ ಮೇಲುಕೋಟೆಯು ಹೆಸರುವಾಸಿಯಾಗಿರುವ ಪುಳಿಯೋಗರೆಯ ಗೊಜ್ಜು ಕೂಡ, ಹುಣಸೆಯ ರಸವನ್ನು ಎಣ್ಣೆ, ಬೆಲ್ಲ, ಮಸಾಲೆಗಳೊಡನೆ ಗಟ್ಟಿಯಾಗುವವರೆಗೆ ಕುದಿಸಿ ವಾರಗಟ್ಟಲೆ ಇಡುವ ಇದೇ ಅರಿವಿನ ದೇವಾಲಯದ ರೂಪವೆಂದು ಹೇಳಬಹುದು.

ಯಾವುದೂ ಬಿಸಾಡುವ ವಸ್ತುವಾಗಿರಲಿಲ್ಲ ಎಂಬ ಮಾತನ್ನು ಹಳೆಯ ಕಾಲದ ಬಗೆಗಿನ ಪ್ರೀತಿಯಿಂದ ಹೇಳುವುದುಂಟು. ಅದರ ಹಿಂದಿದ್ದ ಸ್ಪಷ್ಟವಾದ ವ್ಯವಸ್ಥೆಯನ್ನು ನೋಡಿದರೆ ಮಾತಿಗೆ ತೂಕ ಬರುತ್ತದೆ. ಹೀರೆಯ ತಿರುಳು ಸಾರಿಗೆ, ಸಿಪ್ಪೆ ಚಟ್ನಿಗೆ. ಬಾಳೆಯ ಹಣ್ಣು, ಕಾಯಿಗಳಲ್ಲದೆ ಅದರ ಹೂವೂ ಗೊನೆ ಕಡಿದ ಮೇಲೆ ಉಳಿಯುವ ದಿಂಡೂ ಪಲ್ಯಕ್ಕೆ. ಕುಂಬಳದ ಎಳೆಯ ಕುಡಿ ಸೊಪ್ಪಿನ ಸಾರಿಗೆ. ಮನುಷ್ಯರಿಗೆ ಬೇಡವಾದ ಸಿಪ್ಪೆ, ನಾರು, ಅಕ್ಕಿ ತೊಳೆದ ನೀರುಗಳೆಲ್ಲ ಕಲಗಚ್ಚಿನ ಬಾನಿಗೆ ಬಿದ್ದು ದನಗಳ ಪಾಲಾಗುತ್ತಿದ್ದವು. ದನದ ಸಗಣಿ ತಿಪ್ಪೆಗೂ ತಿಪ್ಪೆಯ ಗೊಬ್ಬರ ಮರಳಿ ಹಿತ್ತಲಿಗೂ ಬರುತ್ತಿತ್ತು. ನಾರಾಗಿ ತಿನ್ನಲು ಬಾರದ ಹೀರೆಯನ್ನು ಬೀಜಕ್ಕೆ ಬಿಟ್ಟು, ಒಣಗಿದ ಮೇಲೆ ಅದರ ಜಾಳಿಗೆಯಿಂದ ಮೈ ತಿಕ್ಕುತ್ತಿದ್ದರು. ಬಲಿತು ಗಟ್ಟಿಯಾದ ಸೋರೆಯ ಬುರುಡೆಯಲ್ಲಿ ಕಾಳು, ಬೀಜಗಳನ್ನು ತುಂಬಿಡುತ್ತಿದ್ದರು. ಸೌತೆ, ಕುಂಬಳ, ಹೀರೆಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿಯೋ ಸಗಣಿಯಲ್ಲಿ ಕಲಸಿ ಬೆರಣಿಯಂತೆ ಗೋಡೆಗೆ ತಟ್ಟಿಯೋ ಮುಂದಿನ ಮುಂಗಾರಿನವರೆಗೆ ಕಾಪಾಡುವುದು ಎಲ್ಲ ಮನೆಗಳ ಕ್ರಮ. ಉಳಿದದ್ದು ನೆರೆಮನೆಗೆ, ನೆಂಟರಿಗೆ, ಊರಿನ ಆಯಗಾರರಿಗೆ, ಅಂದರೆ ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ ಮುಂತಾದ, ದುಡಿಮೆಗೆ ಪ್ರತಿಯಾಗಿ ಸುಗ್ಗಿಯ ಪಾಲು ಪಡೆಯುತ್ತಿದ್ದ ಕಸುಬುದಾರರಿಗೆ ಹೋಗುತ್ತಿತ್ತು. ಈ ಹಂಚಿಕೆಯಲ್ಲಿ ಜಾತಿಯ ಗೆರೆಗಳು ಇರಲಿಲ್ಲವೆಂದು ಹೇಳಲಾಗದು. ಹಿತ್ತಲಿಗೆ ನೆಲವೇ ಇಲ್ಲದಿದ್ದ, ಊರಾಚೆಯ ಕೇರಿಯ ಜನ ಬದುವಿನ ಬೆರಕೆ ಸೊಪ್ಪನ್ನೇ ಹೆಚ್ಚಾಗಿ ಆಶ್ರಯಿಸಬೇಕಾಗಿತ್ತು. ಸೊಪ್ಪುಗಳ ಅತಿ ವಿಸ್ತಾರವಾದ ಅರಿವು ಅವರಲ್ಲಿಯೇ ಉಳಿದುಬಂದಿತು ಎಂಬುದನ್ನು ಗೌರವದಿಂದ ನೆನೆಯಬೇಕು.

ಆ ಅರಿವಿನ ಕಠಿಣವಾದ ಪರೀಕ್ಷೆ 1876–78ರ ಬರಗಾಲದಲ್ಲಿ ನಡೆಯಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಗೇವುಗಳು ಬರಿದಾದ ಮೇಲೆ ಜನ ಸೊಪ್ಪು, ಗೆಡ್ಡೆ, ಕಾಡಿನ ಕಾಯಿಗಳಿಗೆ ಕೈಚಾಚಿದರು. ಬರಗಾಲದ ಪರಿಹಾರ ಕಾಮಗಾರಿಯಾಗಿ ಕೈಗೊಂಡ ಬೆಂಗಳೂರು–ಮೈಸೂರು ರೈಲುಮಾರ್ಗವು 1880ರ ದಶಕದ ಆರಂಭದಲ್ಲಿ ಮದ್ದೂರು, ಮಂಡ್ಯಗಳನ್ನು ಮುಟ್ಟಿದಾಗ ಹಿತ್ತಲ ಹೆಚ್ಚುವರಿಗೆ ಹೊಸದೊಂದು ದಾರಿ ತೆರೆಯಿತು. ಅಲ್ಲಿಯವರೆಗೆ ವಾರದ ಸಂತೆಯ ಗಡಿಯೊಳಗೆ ಸುತ್ತುತ್ತಿದ್ದ ಕಾಯಿ, ಸೊಪ್ಪುಗಳು ನಗರಕ್ಕೂ ಹೋಗಬಹುದಾಯಿತು. ರೈಲು ನಗರದ ತರಕಾರಿಗಳನ್ನು ಇತ್ತಲೂ ತಂದಿತು. ಬೆಂಗಳೂರಿನ ಲಾಲ್‌ಬಾಗ್‌ನ ಮೇಲ್ವಿಚಾರಕನಾಗಿ 1874ರಿಂದ 1908ರವರೆಗೆ ಇದ್ದ ಜಾನ್ ಕ್ಯಾಮೆರಾನ್ ಪ್ರಚಾರಕ್ಕೆ ತಂದ ಸೀಮೆಬದನೆಯು ಇದಕ್ಕೊಂದು ನಿದರ್ಶನ. ಕೋಸು, ನವಿಲುಕೋಸು, ಹುರುಳಿಕಾಯಿ, ಟೊಮೆಟೊಗಳೂ ನಿಧಾನವಾಗಿ ಎಸರಿನ ಪಾತ್ರೆಯನ್ನು ಸೇರಿದವು. ಹೊಸ ಕಾಯಿಗಳನ್ನು ಈ ಸೀಮೆಯವರು ಹಳೆಯ ಕ್ರಮದಲ್ಲಿಯೇ ಬೇಯಿಸಿದರು: ಹುರುಳಿಕಾಯಿಗೆ ಬಸ್ಸಾರು, ಸೀಮೆಬದನೆಯ ಸಿಪ್ಪೆಗೆ ಚಟ್ನಿ, ನವಿಲುಕೋಸಿನ ಎಲೆಗೆ ಸೊಪ್ಪಿನ ಪಲ್ಯ.

ದೊಡ್ಡ ಬದಲಾವಣೆಯು ಶಿವನಸಮುದ್ರದ ವಿದ್ಯುದಾಗಾರದ ದೆಸೆಯಿಂದಲೇ ಬಂದಿತು. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೂ, 1905ರಿಂದ ಬೆಂಗಳೂರಿನ ಬೀದಿದೀಪಗಳಿಗೂ ವಿದ್ಯುತ್ ಕೊಡುತ್ತಿದ್ದ ಆ ಆಗಾರಕ್ಕೆ ಬೇಸಗೆಯಲ್ಲಿ ನದಿಯ ನೀರು ಸಾಲದೆ ಹೋಗುತ್ತಿತ್ತು. ವರ್ಷವಿಡೀ ಸಮನಾದ ಹರಿವು ಸಿಗಬೇಕೆಂಬುದು, 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟಿನ ಮುಖ್ಯ ಉದ್ದೇಶಗಳಲ್ಲಿ ಒಂದು. ಅದರಿಂದ ಹೊರಟ ಇರ್ವಿನ್ ನಾಲೆ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದದ್ದು, 1930ರ ದಶಕದ ಆರಂಭದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಹೊಲಗಳಿಗೆ ಕಾವೇರಿಯನ್ನು ತಂದಿತು. ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ ಹೊಲ ಕಬ್ಬಿನ ಗದ್ದೆಯಾದಲ್ಲೆಲ್ಲ ಅಕ್ಕಡಿ ಸಾಲು ತಾನಾಗಿಯೇ ಮರೆಯಾಯಿತು. ಕಬ್ಬಿನ ನಡುವೆ ಅವರೆಗೆ ಎಡೆಯಿಲ್ಲ, ಭತ್ತದ ಕೆಸರಿನಲ್ಲಿ ಅಣ್ಣೆಸೊಪ್ಪು ಹುಟ್ಟುವುದಿಲ್ಲ. ಇದಕ್ಕೆ ಪ್ರತಿಯಾಗಿ, ನಾಲೆಯ ತೇವದಿಂದ ಬದುಗಳ ಮೇಲೆ ಬೇಸಗೆಯಲ್ಲೂ ಸೊಪ್ಪು, ಬದನೆ, ಬೆಂಡೆಗಳನ್ನು ಬೆಳೆಯುವುದು ಸಾಧ್ಯವಾಯಿತು. ಹಸಿ ತರಕಾರಿ ಹತ್ತು ತಿಂಗಳು ಸಿಗತೊಡಗಿದ ಮೇಲೆ ಬದನೆಹೋಳು ಒಣಗಿಸುವ ಅಗತ್ಯವೂ ಕುಗ್ಗಿತು. ನೀರು ನಿಯತವಾಗಿ ತಲುಪದ ನಾಲೆಯ ಕೊನೆಭಾಗದಲ್ಲಿ ಮಾತ್ರ ರಾಗಿಯೂ ಅವರೆಯೂ ಹೆಚ್ಚು ಕಾಲ ಉಳಿದವು, ಅವುಗಳೊಡನೆ ಹಳೆಯ ಊಟದ ಕ್ರಮವೂ ಉಳಿಯಿತು.

ಸ್ವಾತಂತ್ರ್ಯದ ನಂತರ ತರಕಾರಿಯ ಹೆಚ್ಚುವರಿಯನ್ನು ಸರ್ಕಾರವೂ ಸಂಸ್ಥೆಗಳೂ ತಮ್ಮ ಕೆಲಸವಾಗಿ ಎತ್ತಿಕೊಂಡವು. ಆಹಾರ ಸಂರಕ್ಷಣೆಯ ಸಂಶೋಧನೆಗೆ 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಸಿಎಫ್‌ಟಿಆರ್‌ಐ ಆರಂಭವಾಯಿತು. ಮಳವಳ್ಳಿಗೆ ನೆರೆಯ ಬನ್ನೂರು ಹೋಬಳಿಯ ಮರಸಿಂಗನಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಎಚ್. ಮರಿಗೌಡರು ರಾಜ್ಯದ ತೋಟಗಾರಿಕೆಯನ್ನು ಪ್ರತ್ಯೇಕ ಇಲಾಖೆಯಾಗಿ ಕಟ್ಟಿ ಬೆಳೆಸಿದರು. ಬೆಳೆಗಾರರು ತಾವೇ ಮಾರುವ ಸಹಕಾರ ಸಂಘವಾಗಿ 1959ರಲ್ಲಿ ಬೆಂಗಳೂರಿನಲ್ಲಿ ಮೊಳೆತು ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆಯ ಹಿಂದೆಯೂ ಅವರ ಪ್ರೇರಣೆಯಿತ್ತು. ರೈತರಿಗೆ ಇವುಗಳಿಂದಾದ ಉಪಕಾರ ಸಣ್ಣದಲ್ಲ. ಆದರೆ ಇವೆಲ್ಲದರ ದೃಷ್ಟಿ ಮಾರುಕಟ್ಟೆಗೆ ಹೋಗುವ ಲೋಡುಗಳ ಮೇಲಿತ್ತು, ಹಿತ್ತಲಿನ ನಾಲ್ಕು ಕಾಯಿಗಳ ಮೇಲೆ ಬೀಳಲಿಲ್ಲ. ಮನೆಗೆ ನಲ್ಲಿ ಬಂದು ಬಚ್ಚಲ ನೀರು ಚರಂಡಿ ಸೇರಿದಂತೆ, ಸೈಟಿನ ಅಳತೆ ಕುಗ್ಗಿ ಹಿತ್ತಲಿನ ಜಾಗದಲ್ಲಿ ಮತ್ತೊಂದು ಕೋಣೆ ಎದ್ದಂತೆ, ಅಟ್ಟದ ತೊಲೆಯ ಜಾಗಕ್ಕೆ ಕಾಂಕ್ರೀಟಿನ ಚಾವಣಿಯೂ ಮೂಲೆಗೆ ಫ್ರಿಜ್ಜೂ ಬಂದಂತೆ, ಹಳೆಯ ವ್ಯವಸ್ಥೆಯ ಕೊಂಡಿಗಳು ಒಂದೊಂದಾಗಿ ಕಳಚಿದವು. ಸಂಡಿಗೆ, ಬಾಳಕಗಳು ಈಗ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ. ಬಸ್ಸಾರು, ಮುದ್ದೆಗಳು ಬೆಂಗಳೂರು–ಮೈಸೂರು ಹೆದ್ದಾರಿಯ ಹೋಟೆಲುಗಳ ಫಲಕ ಏರಿವೆ. ಪಾಕ ಉಳಿದಿದೆ, ಅದರ ಹಿಂದಿದ್ದ ಸೊಪ್ಪುಗಳ ಹೆಸರುಗಳು ಅಳಿಯುತ್ತಿವೆ. ಈಗ ದಂಟು, ಪಾಲಕ್, ಮೆಂತ್ಯಗಳ ಮೂರು ನಾಲ್ಕು ಕಟ್ಟುಗಳಲ್ಲಿ ಮುಗಿಯುವ ಸೊಪ್ಪಿನ ವ್ಯಾಪಾರದಲ್ಲಿ ಬೆರಕೆ ಸೊಪ್ಪು ಮಾರುವವರೂ ಕೊಳ್ಳುವವರೂ ವಿರಳ, ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಅದು ಬೆಳೆಯುವುದೂ ಇಲ್ಲ.

ಶಿವನಸಮುದ್ರದ ವಿದ್ಯುದಾಗಾರದ ಯಂತ್ರಗಳ ವಿವರ ಕಡತಗಳಲ್ಲಿ ಭದ್ರವಾಗಿದೆ. ಅದೇ ನದಿಯ ದಂಡೆಯ ಮನೆಗಳಲ್ಲಿ ಯಾವ ಸೊಪ್ಪು ಯಾವ ಮಳೆಗೆ ಬರುತ್ತಿತ್ತು, ಯಾವ ಕಾಯಿಯನ್ನು ಹೇಗೆ ಒಣಗಿಸುತ್ತಿದ್ದರು, ಯಾವ ಅವರೆಯ ತಳಿ ಅಕ್ಕಡಿಗೆ ಒಗ್ಗುತ್ತಿತ್ತು ಎಂಬುದನ್ನು ಬಲ್ಲವರು ಮಳವಳ್ಳಿ, ಮದ್ದೂರು ತಾಲ್ಲೂಕುಗಳ ಹಳ್ಳಿಗಳಲ್ಲಿರುವ ವಯಸ್ಸಾದ ಹೆಂಗಸರು ಮಾತ್ರ. ಜಿಲ್ಲೆಯ ಶಾಲೆ, ಕಾಲೇಜುಗಳೂ ಮಂಡ್ಯದ ವಿ.ಸಿ. ಫಾರ್ಮಿನಂತಹ ಕೃಷಿ ಸಂಶೋಧನಾ ಕೇಂದ್ರಗಳೂ ಅವರ ಬಳಿಗೆ ಹೋಗಿ, ಸೊಪ್ಪಿನ ಹೆಸರನ್ನು ಗಿಡದ ಮಾದರಿಯೊಡನೆ, ಪಾಕವನ್ನು ಅಳತೆಯೊಡನೆ, ಬೀಜವನ್ನು ಅದನ್ನು ಉಳಿಸಿಕೊಂಡು ಬಂದ ಊರಿನ ಹೆಸರಿನೊಡನೆ ಬರೆದಿಟ್ಟುಕೊಳ್ಳುವ ಕೆಲಸವನ್ನು ಮುಂದಿನ ಮುಂಗಾರಿನಲ್ಲಿಯೇ ಆರಂಭಿಸಬೇಕು.